ಗುಡ್ಡಕ್ಕೆ ಹೋಗುವ ಮೊದಲು ಕಣಕ್ಕೆ ಬನ್ನಿ

ಕಾಫಿ ಒಣಗಿಸುವ ಕಣ ವರ್ಷದಲ್ಲಿ ಆರೇಳು ತಿಂಗಳು ಖಾಲಿ ಇರುತ್ತದೆ. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಆಮೇಲೆ ಆ ಸಿಮೆಂಟ್ ನೆಲದ ಮೇಲೆ ನಾಯಿ ಮಲಗುತ್ತದೆ, ಮಕ್ಕಳು ಕ್ರಿಕೆಟ್ ಆಡುತ್ತಾರೆ. ನಾನು ಮೌಂಟೇನ್ ಬೈಕ್, ಅಂದರೆ ಗುಡ್ಡದ ಮಣ್ಣು ದಾರಿಗೆ ಮಾಡಿದ ಗೇರ್ ಸೈಕಲ್, ಓಡಿಸುವುದನ್ನು ಸರಿಯಾಗಿ ಕಲಿತದ್ದು ಅಂಥ ಒಂದು ಕಣದಲ್ಲಿ.

ಮೂಡಿಗೆರೆ ತಾಲ್ಲೂಕಿನಲ್ಲಿ ನನ್ನ ಮನೆ. ಕಾಫಿ, ಕಾಳುಮೆಣಸಿನ ಗಿಡಗಳ ನರ್ಸರಿ ನಡೆಸುತ್ತೇನೆ. 37ನೇ ವಯಸ್ಸಿನಲ್ಲಿ ಗೇರ್ ಸೈಕಲ್ ಕೊಂಡೆ. ತಂದ ಮಾರನೇ ದಿನವೇ ಎಸ್ಟೇಟ್ ರಸ್ತೆಯ ಏರು ಹತ್ತಿದೆ. ಮೂರು ತಿಂಗಳು ಬಿಡದೆ ಹತ್ತಿದೆ. ಕಾಲಿಗೆ ಕಸುವು ಬಂತು, ಏದುಸಿರು ಕಡಿಮೆಯಾಯಿತು. ಇನ್ನೇನು ಬೇಕು ಅಂದುಕೊಂಡೆ. ಜೂನ್‌ನಲ್ಲಿ ಮಳೆ ಹಿಡಿದ ಮೊದಲ ವಾರ, ಇಳಿಜಾರಿನ ಒಂದು ತಿರುವಿನಲ್ಲಿ ಸಿಲ್ವರ್ ಓಕ್ ಎಲೆ ಹಾಸಿಕೊಂಡಿತ್ತು. ಹೆದರಿ ಮುಂದಿನ ಬ್ರೇಕನ್ನು ನಾಲ್ಕೂ ಬೆರಳು ಸೇರಿಸಿ ಹಿಂಡಿದೆ. ಚಕ್ರ ಜಾರಿತು. ಎಡಗೈ ಮಣಿಕಟ್ಟು ಮುರಿದು ಆರು ವಾರ ಪಟ್ಟಿ ಹಾಕಿಕೊಂಡು ಕೂತೆ.

ಕೂತಲ್ಲೇ ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ನನ್ನ ಕಾಲು ಕಲಿತಿತ್ತು, ಕೈ ಮತ್ತು ಕಣ್ಣು ಕಲಿತಿರಲಿಲ್ಲ. ಹತ್ತುವ ಶಕ್ತಿ ಇತ್ತು, ಇಳಿಯುವ ವಿದ್ಯೆ ಇರಲಿಲ್ಲ. ಅದಕ್ಕೇ ಈಗ ಯಾರಾದರೂ ಬಂದು ಮೌಂಟೇನ್ ಬೈಕ್ ಹೇಗೆ ಶುರು ಮಾಡೋದು ಅಂತ ಕೇಳಿದರೆ ಮೊದಲು ಕಣಕ್ಕೆ ಕರೆದುಕೊಂಡು ಹೋಗುತ್ತೇನೆ. ನಿಮಗೆ ಕಣ ಇಲ್ಲದಿದ್ದರೆ ಶಾಲೆಯ ಮೈದಾನ ಸಾಕು. ರಜೆ ದಿನ ಖಾಲಿ ಬಿದ್ದಿರುವ ಸಂತೆ ಮಾಳವೂ ಸಾಕು.

ನಿಧಾನ ಸೈಕಲ್ ಸ್ಪರ್ಧೆ

ನಮ್ಮೂರಲ್ಲಿ ಗಣಪತಿ ಹಬ್ಬಕ್ಕೆ ನಿಧಾನ ಸೈಕಲ್ ಸ್ಪರ್ಧೆ ಇಡುತ್ತಾರೆ. ನಿಮ್ಮೂರಲ್ಲೂ ಇರಬಹುದು. ಕೊನೆಗೆ ಗೆರೆ ಮುಟ್ಟಿದವರು ಗೆದ್ದ ಹಾಗೆ. ಕಾಲು ಊರಿದರೆ ಔಟ್. ಪ್ರತಿ ವರ್ಷ ಗೆಲ್ಲುವುದು ಹಾಲು ಹಾಕುವ ಒಬ್ಬ ಹಿರಿಯರು. ಅವರದ್ದು ಗೇರ್ ಇಲ್ಲದ ಹಳೇ ಸೈಕಲ್. ಕೈ ಮುರಿದ ವರ್ಷ ನಾನು ಪಟ್ಟಿ ಬಿಚ್ಚಿದ ಮೇಲೆ ಹೋಗಿ, ಸುಮ್ನೆ ಅವರನ್ನೇ ನೋಡುತ್ತಾ ನಿಂತೆ.

ಅವರು ಸೀಟಿನಿಂದ ಸ್ವಲ್ಪ ಎದ್ದಿರುತ್ತಾರೆ. ಎರಡೂ ಪೆಡಲ್ ನೆಲಕ್ಕೆ ಸಮವಾಗಿರುತ್ತವೆ. ಮುಂದಿನ ಚಕ್ರ ಕೊಂಚ ಓರೆ. ಹಿಂದಿನ ಬ್ರೇಕನ್ನು ಹಿಡಿದು ಬಿಡುತ್ತಾ, ಪೆಡಲನ್ನು ಒಂದು ಚೂರು ಒತ್ತಿ ಸಡಿಲಿಸುತ್ತಾ ಇರುತ್ತಾರೆ. ಕಣ್ಣು ಚಕ್ರದ ಮೇಲೆ ಇರುವುದಿಲ್ಲ, ಹತ್ತಡಿ ಮುಂದೆ ಇರುತ್ತದೆ. ಮೊಣಕೈ ಸಡಿಲ. ಗುಡ್ಡದ ಕಲ್ಲು ದಾರಿಯಲ್ಲಿ ಬೇಕಾಗುವ ವಿದ್ಯೆಯ ಅರ್ಧ ಇಲ್ಲೇ ಇದೆ. ಸೈಕಲ್ ನಿಂತೇ ಹೋಗುವಷ್ಟು ನಿಧಾನವಾದಾಗಲೂ ಬೀಳದೆ ಇರುವವರಿಗೆ ಕಲ್ಲು, ಬೇರು ಅಡ್ಡ ಬಂದಾಗ ಯೋಚಿಸಲು ಸಮಯ ಸಿಗುತ್ತದೆ.

ನೀವೂ ಹೀಗೆ ಮಾಡಿ. ರಂಗೋಲಿ ಪುಡಿಯಲ್ಲಿ ಎರಡು ಗೆರೆ ಹಾಕಿ, ನಡುವೆ ಹದಿನೈದು ಹೆಜ್ಜೆ ಅಂತರ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಆದಷ್ಟು ನಿಧಾನವಾಗಿ ದಾಟಿ. ನನ್ನ ಅಕ್ಕನ ಮಗಳು ಮೊದಲ ದಿನ 9 ಸೆಕೆಂಡಿಗೆ ದಾಟಿದ್ದಳು. ಎರಡು ತಿಂಗಳಿಗೆ 34 ಸೆಕೆಂಡ್ ತೆಗೆದುಕೊಂಡಳು. ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಸಾಕು, ಆದರೆ ದಿನಾ ಕೊಡಿ.

ಅದು ಬಂದ ಮೇಲೆ ಅಂಕುಡೊಂಕು ಓಡಿಸುವುದು. ನಾನು ಮಣ್ಣು ತುಂಬಿದ ನರ್ಸರಿ ಚೀಲಗಳನ್ನೇ ಆರಾರು ಅಡಿಗೆ ಒಂದರಂತೆ ಸಾಲಾಗಿ ಇಡುತ್ತೇನೆ. ಚಕ್ರ ತಾಗಿದರೂ ಏನೂ ಆಗುವುದಿಲ್ಲ. ಇಟ್ಟಿಗೆ ಮಾತ್ರ ಇಡಬೇಡಿ. ಚೀಲ ದಾಟುವಾಗ ಮುಂದಿನ ಚೀಲ ನೋಡಬೇಡಿ, ಅದರಾಚೆಯದನ್ನು ನೋಡಿ. ಸಲೀಸಾದ ಮೇಲೆ ಅಂತರವನ್ನು ಐದಡಿಗೆ ಇಳಿಸಿ.

ಸೈಕಲ್ಲಿನ ವಿಷಯ, ಸ್ವಲ್ಪದರಲ್ಲೇ

ದುಬಾರಿ ಸೈಕಲ್ ಬೇಕಿಲ್ಲ. ಮುಂದೆ ಸ್ಪ್ರಿಂಗ್‌ನಂತೆ ಕುಗ್ಗುವ ಸಸ್ಪೆನ್ಶನ್, ಎರಡೂ ಕಡೆ ಡಿಸ್ಕ್ ಬ್ರೇಕ್, ಅಗಲ ಟೈರ್ ಇದ್ದರೆ ಶುರು ಮಾಡಬಹುದು. ಅಳತೆ ಮಾತ್ರ ನಿಮ್ಮದೇ ಆಗಿರಲಿ. ಎತ್ತರದ ಸೈಕಲ್ಲನ್ನು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಜಾಸ್ತಿ ಜನ ತಪ್ಪು ಮಾಡುವುದು ಟೈರ್ ಗಾಳಿಯಲ್ಲಿ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನ ಹಾಗೆ ಗಟ್ಟಿ ಮಾಡಿ ಕಳಿಸುತ್ತಾರೆ. ಟಾರ್ ರಸ್ತೆಗೆ ಅದು ಸರಿ. ಮಣ್ಣಿನಲ್ಲಿ ಅಂಥ ಟೈರ್ ಪ್ರತಿ ಕಲ್ಲಿಗೂ ಪುಟಿಯುತ್ತದೆ, ಹಿಡಿತ ಇರುವುದಿಲ್ಲ. ನಾನು 62 ಕೆಜಿ ಇದ್ದೇನೆ. 2.25 ಇಂಚಿನ ಟೈರ್‌ಗೆ ಟ್ಯೂಬ್ ಹಾಕಿ ಮುಂದೆ 26, ಹಿಂದೆ 28 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಡುತ್ತೇನೆ. ಇನ್ನೂ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ನಿಮ್ಮ ತೂಕ ಜಾಸ್ತಿ ಇದ್ದರೆ ಮೂರ್ನಾಲ್ಕು ಏರಿಸಿ ನೋಡಿ. ಗಾಳಿ ಅಳೆಯುವ ಗೇಜ್ ಇರುವ ಕೈಪಂಪ್ ಒಂದು ಮನೆಯಲ್ಲಿರಲಿ.

ಸೀಟಿನ ಎತ್ತರ ಹೀಗೆ ನೋಡಿ. ಪೆಡಲ್ ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಅದು ಏರಿಗೆ. ಇಳಿಯುವ ಮೊದಲು ಸೀಟನ್ನು ಮೂರು ನಾಲ್ಕು ಇಂಚು ತಗ್ಗಿಸಿ. ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದರೆ ತಗ್ಗುವ ಸೀಟ್‌ಪೋಸ್ಟ್ ಸಿಗುತ್ತದೆ, ಇಲ್ಲದಿದ್ದರೂ ಪರವಾಗಿಲ್ಲ. ನಾನು ನಾಲ್ಕು ವರ್ಷ ಇಳಿಜಾರಿನ ತುದಿಯಲ್ಲಿ ನಿಂತು ಕೈಯಿಂದಲೇ ತಗ್ಗಿಸಿದ್ದೇನೆ.

ನಿಲ್ಲುವ ಭಂಗಿ, ಬ್ರೇಕ್ ಹಿಡಿಯುವ ಬೆರಳು

ಇಳಿಜಾರಿನಲ್ಲಿ ಸೀಟಿನ ಮೇಲೆ ಕೂರುವುದಿಲ್ಲ, ಪೆಡಲ್ ಮೇಲೆ ನಿಲ್ಲುತ್ತೇವೆ. ಪೆಡಲ್ ಎರಡೂ ಸಮ, ಗಡಿಯಾರದಲ್ಲಿ ಮೂರು ಮತ್ತು ಒಂಬತ್ತು ಇದ್ದ ಹಾಗೆ. ಹಿಮ್ಮಡಿ ಕೆಳಗೆ. ಮಂಡಿ ಬಾಗಿರಬೇಕು, ಮೊಣಕೈ ಹೊರಕ್ಕೆ. ಸೊಂಟದಿಂದ ಬಾಗಿ ಎದೆ ಹ್ಯಾಂಡಲ್ ಕಡೆ ಬರಬೇಕು. ನೆಲದಲ್ಲಿರುವ ಬುಟ್ಟಿ ಎತ್ತಲು ಬಾಗುತ್ತೇವಲ್ಲ, ಬೆನ್ನು ನೆಟ್ಟಗೆ ಇಟ್ಟು ಸೊಂಟ ಹಿಂದೆ ತಳ್ಳಿ, ಹಾಗೆಯೇ. ತೂಕವೆಲ್ಲ ಪಾದದಲ್ಲಿ ಇರಬೇಕು. ಅಂಗೈಗೆ ಭಾರ ಅನ್ನಿಸಿದರೆ ನೀವು ಜಾಸ್ತಿ ಮುಂದಿದ್ದೀರಿ. ಹ್ಯಾಂಡಲ್ ಕೈಯಿಂದ ಜಗ್ಗಿ ಹೋಗುತ್ತಿದೆ ಅನ್ನಿಸಿದರೆ ಜಾಸ್ತಿ ಹಿಂದಿದ್ದೀರಿ.

ಬ್ರೇಕಿಗೆ ತೋರು ಬೆರಳು ಒಂದೇ ಸಾಕು, ಉಳಿದ ಮೂರು ಹ್ಯಾಂಡಲ್ ಹಿಡಿದಿರಲಿ. ಆ ಬೆರಳು ಲಿವರ್‌ನ ತುದಿಗೆ ಬರುವ ಹಾಗೆ ಲಿವರನ್ನು ಸ್ವಲ್ಪ ಒಳಕ್ಕೆ ಸರಿಸಿ. ನಿಮ್ಮ ಸೈಕಲ್ಲಿನಲ್ಲಿ ಮುಂದಿನ ಬ್ರೇಕ್ ಯಾವ ಕೈಗೆ ಅಂತ ಮೊದಲು ನೋಡಿಕೊಳ್ಳಿ, ಎಲ್ಲದರಲ್ಲೂ ಒಂದೇ ಇರುವುದಿಲ್ಲ.

ಈಗ ಕಣಕ್ಕೆ ಬನ್ನಿ. ಒಂದು ಗೆರೆ ಹಾಕಿ. ಓಡುವಷ್ಟು ವೇಗದಲ್ಲಿ ಬಂದು ಗೆರೆ ಮುಟ್ಟಿದ ತಕ್ಷಣ ಹಿಂದಿನ ಬ್ರೇಕ್ ಮಾತ್ರ ಹಿಡಿಯಿರಿ. ನಿಂತ ಜಾಗದ ತನಕ ಹೆಜ್ಜೆ ಎಣಿಸಿ. ಆಮೇಲೆ ಮುಂದಿನ ಬ್ರೇಕ್ ಮಾತ್ರ, ಮೆಲ್ಲಗೆ ಬಿಗಿ ಮಾಡುತ್ತಾ. ಸೊಂಟ ಹಿಂದಕ್ಕೆ, ಹಿಮ್ಮಡಿ ಕೆಳಕ್ಕೆ. ಮತ್ತೆ ಎಣಿಸಿ. ಮುಂದಿನ ಬ್ರೇಕ್ ಎಷ್ಟು ಬೇಗ ನಿಲ್ಲಿಸುತ್ತದೆ ಅಂತ ನಿಮ್ಮ ಹೆಜ್ಜೆಯೇ ಹೇಳುತ್ತದೆ. ಬ್ರೇಕ್ ಹಿಡಿದಾಗ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ, ಭಾರ ಇದ್ದ ಕಡೆ ಹಿಡಿತ ಇರುತ್ತದೆ. ಹಿಂದಿನ ಚಕ್ರ ಹಗುರವಾಗಿ ಸುಲಭಕ್ಕೆ ಲಾಕ್ ಆಗುತ್ತದೆ, ಜಾರುತ್ತದೆ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಹಿಂಡಿದರೆ ಪಲ್ಟಿ, ನಿಜ. ಮೆಲ್ಲಗೆ ಬಿಗಿ ಮಾಡಿದರೆ ಅದೇ ನಿಮ್ಮನ್ನು ಉಳಿಸುವ ಬ್ರೇಕ್. ಇದನ್ನು ನಾನು ಐವತ್ತು ಸಲ ಮಾಡಿಸುತ್ತೇನೆ. ಬೇಜಾರಾದರೂ ಬಿಡುವುದಿಲ್ಲ.

ಇನ್ನೊಂದು: ತಿರುವಿನ ಒಳಗೆ ಬ್ರೇಕ್ ಹಿಡಿಯಬಾರದು, ತಿರುವಿಗೆ ಮೊದಲೇ ವೇಗ ಇಳಿಸಬೇಕು. ಟೈರಿಗೆ ಇರುವ ಹಿಡಿತ ಇಷ್ಟೇ. ತಿರುಗುವುದಕ್ಕೂ ನಿಲ್ಲುವುದಕ್ಕೂ ಒಟ್ಟಿಗೆ ಕೇಳಿದರೆ ಎರಡಕ್ಕೂ ಸಾಲುವುದಿಲ್ಲ. ಒದ್ದೆ ಎಲೆ, ಪಾಚಿ, ಬೇರು ಇದ್ದಲ್ಲಂತೂ ಬ್ರೇಕ್ ಬಿಟ್ಟು, ಸೈಕಲ್ ನೆಟ್ಟಗಿಟ್ಟು ದಾಟಿ. ಬೇರನ್ನು ಆದಷ್ಟೂ ಅಡ್ಡಡ್ಡ ದಾಟಬೇಕು. ಓರೆಯಾಗಿ ಹತ್ತಿಸಿದರೆ ಚಕ್ರ ಬೇರಿನ ಉದ್ದಕ್ಕೂ ಜಾರುತ್ತದೆ.

ಕಣ್ಣು

ಪಂಪ್‌ಹೌಸ್ ಹತ್ತಿರ ನಮ್ಮ ದಾರಿ ಎಡಕ್ಕೆ ತಿರುಗುತ್ತದೆ. ಹೊರಗಿನ ಅಂಚಿನಲ್ಲಿ ಒಂದು ಬೋಳು ಕಲ್ಲು. ಕಳೆದ ವರ್ಷ ಅಕ್ಕನ ಮಗಳು ಅದಕ್ಕೆ ಒಂದೇ ಬೆಳಗ್ಗೆ ಮೂರು ಸಲ ಹೋಗಿ ಗುದ್ದಿದಳು. ಮೂರನೇ ಸಲ ಅಳು ಬಂದಿತ್ತು.

"ನಾನು ಬೇಡ ಅಂದ್ರೂ ಅಲ್ಲಿಗೇ ಹೋಗುತ್ತೆ ಚಿಕ್ಕಮ್ಮ."

"ತಿರುಗುವಾಗ ಏನು ನೋಡ್ತಿದ್ದೆ?"

"ಆ ಕಲ್ಲನ್ನೇ. ತಾಗಬಾರದಲ್ವಾ ಅಂತ."

ನನ್ನ ಹೆಗಲ ಮೇಲಿದ್ದ ಕೆಂಪು ಟವೆಲನ್ನು ತಿರುವಿನ ಆಚೆ, ದಾರಿ ಮತ್ತೆ ನೆಟ್ಟಗಾಗುವಲ್ಲಿ, ಒಂದು ಕಾಫಿ ಗಿಡಕ್ಕೆ ನೇತು ಹಾಕಿದೆ. "ಕಲ್ಲು ಇದೆ ಅನ್ನೋದನ್ನೇ ಮರೆತುಬಿಡು. ಈ ಟವೆಲ್ ನೋಡು. ಮೂಗು, ಗಲ್ಲ, ಎದೆ, ಎಲ್ಲ ಟವೆಲ್ ಕಡೆ ತಿರುಗಲಿ." ನಾಲ್ಕನೇ ಸಲ ಅವಳು ಕಲ್ಲಿನಿಂದ ಎರಡಡಿ ದೂರದಲ್ಲೇ ದಾಟಿಹೋದಳು. ವಾಪಸು ಬರುವಾಗ ಟವೆಲನ್ನು ಕೊರಳಿಗೆ ಸುತ್ತಿಕೊಂಡು ಬಂದಳು.

ನಾವು ಎಲ್ಲಿ ನೋಡುತ್ತೇವೋ ಅಲ್ಲಿಗೇ ತಲೆ ತಿರುಗುತ್ತದೆ. ತಲೆಯ ಹಿಂದೆ ಭುಜ, ಭುಜದ ಹಿಂದೆ ಹ್ಯಾಂಡಲ್. ಅದಕ್ಕೇ ತಿರುವಿಗೆ ಬರುವ ಮೊದಲು ಅಪಾಯ ಎಲ್ಲಿದೆ ಅಂತ ಒಮ್ಮೆ ನೋಡಿಬಿಡಿ, ಆಮೇಲೆ ಕಣ್ಣು ದಾರಿ ಮುಗಿಯುವ ಕಡೆ ಇರಲಿ. ಎಡಕ್ಕೆ ತಿರುಗುವಾಗ ಬಲಗಾಲಿನ ಪೆಡಲ್ ಕೆಳಗೆ, ಅದರ ಮೇಲೆ ಭಾರ. ಸೈಕಲ್ ಒಳಕ್ಕೆ ವಾಲಬೇಕು, ನಿಮ್ಮ ದೇಹ ಅಷ್ಟು ವಾಲಬಾರದು.

ಮೌಂಟೇನ್ ಬೈಕ್ 1996ರ ಅಟ್ಲಾಂಟಾದಿಂದಲೂ ಒಲಿಂಪಿಕ್ಸ್‌ನಲ್ಲಿದೆ. ಕ್ರಾಸ್ ಕಂಟ್ರಿ ರೇಸ್‌ಗಳ ವಿಡಿಯೋ ಸುಲಭವಾಗಿ ಸಿಗುತ್ತವೆ. ನೋಡುವಾಗ ಯಾರು ಮುಂದೆ ಅಂತ ನೋಡಬೇಡಿ. ತಿರುವಿನ ಮೊದಲು ಅವರ ತಲೆ ಯಾವಾಗ ತಿರುಗಿತು, ಯಾವ ಕಾಲು ಕೆಳಗಿದೆ, ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ನಮ್ಮ ಮನೆಯಲ್ಲಿ ರಾತ್ರಿ ಊಟ ಆದ ಮೇಲೆ ಇದೇ ಕೆಲಸ.

ಮುಂದಿನ ಚಕ್ರ ಎತ್ತುವುದನ್ನೂ ಕಣದಲ್ಲೇ ಕಲಿಯಿರಿ. ತೋಳಿನಷ್ಟು ದಪ್ಪದ ಕೊಂಬೆ ಅಡ್ಡ ಇಡಿ. ಹತ್ತಿರ ಬಂದಾಗ ಮೈಯನ್ನು ಕೆಳಕ್ಕೆ ಒತ್ತಿ, ಸಸ್ಪೆನ್ಶನ್ ಕುಗ್ಗಿ ಮೇಲೇಳುವಾಗ ಸೊಂಟ ಹಿಂದಕ್ಕೆ ತೆಗೆದುಕೊಳ್ಳಿ. ತೋಳಿನ ಬಲದಿಂದ ಜಗ್ಗಿದರೆ ಏಳುವುದಿಲ್ಲ, ಬೆನ್ನು ನೋಯುತ್ತದೆ. ಮುಂದಿನ ಚಕ್ರ ದಾಟಿದ ಕೂಡಲೇ ಭಾರ ಮುಂದಕ್ಕೆ ತಂದರೆ ಹಿಂದಿನ ಚಕ್ರ ತಾನಾಗಿ ಉರುಳಿ ದಾಟುತ್ತದೆ.

ಉಸಿರು ಮತ್ತು ಏರು

ಕಣದ ಪಾಠದ ಜೊತೆಗೇ ದಮ್ಮು ಬೆಳೆಸುವ ಕೆಲಸವೂ ನಡೆಯಲಿ. ಮೊದಲ ಆರು ವಾರ ನಿಧಾನಕ್ಕೆ ಓಡಿಸಿ. ನಿಧಾನ ಅಂದರೆ ಪಕ್ಕದಲ್ಲಿರುವವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಒಬ್ಬರೇ ಇದ್ದರೆ ಗಟ್ಟಿಯಾಗಿ ಭಜನೆ ಹೇಳಿ ನೋಡಿ. ಸಾಲಿನ ನಡುವೆ ಉಸಿರು ಕಟ್ಟಿದರೆ ವೇಗ ಜಾಸ್ತಿಯಾಗಿದೆ. ಇಷ್ಟು ಹಗುರವಾಗಿ ಓಡಿಸಿದರೆ ಏನು ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಹೃದಯ ಒಂದೊಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುವುದನ್ನು ಕಲಿಯುತ್ತದೆ, ಸ್ನಾಯುವಿನೊಳಗೆ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಇದು ಗಂಟೆಗಟ್ಟಲೆ ನಿಧಾನಕ್ಕೆ ಓಡಿಸಿದರೇ ಚೆನ್ನಾಗಿ ಬೆಳೆಯುವುದು. ವಾರಕ್ಕೆ ಮೂರು ದಿನ, ಮೊದಲು 40 ನಿಮಿಷ, ಆಮೇಲೆ ಭಾನುವಾರದ್ದನ್ನು ಮಾತ್ರ ಎರಡು ಗಂಟೆಯ ತನಕ ಬೆಳೆಸಿ. ವಾರದಿಂದ ವಾರಕ್ಕೆ ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಏರಿಸಬೇಡಿ. ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ.

ಏಳನೇ ವಾರದಿಂದ ಒಂದು ದಿನ ಏರಿನ ಪಾಠ. ನಮ್ಮಲ್ಲಿ ಪಂಪ್‌ಹೌಸಿನಿಂದ ಆಳುಗಳ ಲೈನ್ ಮನೆಗಳ ತನಕದ ಏರು ನನಗೆ ಸರಿಯಾಗಿ ನಾಲ್ಕು ನಿಮಿಷ. ಎರಡು ಮೂರು ಪದಕ್ಕಿಂತ ಜಾಸ್ತಿ ಮಾತಾಡಲು ಆಗದಷ್ಟು ಬಿರುಸಾಗಿ ಹತ್ತುತ್ತೇನೆ, ನಿಧಾನಕ್ಕೆ ಇಳಿಯುತ್ತೇನೆ, ಮತ್ತೆ ಹತ್ತುತ್ತೇನೆ. ನಾಲ್ಕು ಸಲ. ಮೊದಲನೆಯದೂ ನಾಲ್ಕನೆಯದೂ ಒಂದೇ ಸಮಯಕ್ಕೆ ಮುಗಿಯಬೇಕು. ಮೊದಲನೆಯದರಲ್ಲೇ ಎಲ್ಲ ಸುರಿದುಬಿಟ್ಟರೆ ಪಾಠ ಕೆಟ್ಟಿತು. ಇದು ವಾರಕ್ಕೆ ಒಂದೇ ದಿನ. ಎರಡು ದಿನ ಮಾಡಬೇಕು ಅನ್ನಿಸಿದರೂ ಮಾಡಬೇಡಿ.

ಕಡಿದಾದ ಮಣ್ಣಿನ ಏರಿನಲ್ಲಿ ಹಗುರ ಗೇರಿಗೆ ಮೊದಲೇ ಬಂದಿರಬೇಕು, ಏರಿನ ನಡುವೆ ಗೇರ್ ಬದಲಿಸಿದರೆ ಚೈನ್ ಕಟಕಟ ಅನ್ನುತ್ತದೆ, ಕೆಲವೊಮ್ಮೆ ಬಿದ್ದೇ ಹೋಗುತ್ತದೆ. ಸೀಟಿನ ಮೂತಿಗೆ ಸರಿದು ಕೂತು, ಗಲ್ಲ ತಗ್ಗಿಸಿ, ಮೊಣಕೈ ಕೆಳಕ್ಕೆ ಇಳಿಸಿ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಮಣ್ಣಲ್ಲಿ ತಿರುಗುತ್ತದೆ. ತೀರಾ ಹಿಂದೆ ಕೂತರೆ ಮುಂದಿನ ಚಕ್ರ ಎದ್ದು ಅಲೆಯುತ್ತದೆ. ಇವೆರಡರ ನಡುವಿನ ಜಾಗ ಬೆರಳಗಲದ್ದು, ಕೂತು ಕೂತು ಹುಡುಕಬೇಕು.

ದಂಡ, ಬಸ್ಕಿ

ನಮ್ಮಜ್ಜ ಗರಡಿಯಲ್ಲಿ ಸಾಮು ಮಾಡಿದವರು. ಅವರು ಹೇಳಿಕೊಟ್ಟ ದಂಡ, ಬಸ್ಕಿ ಈ ಸೈಕಲ್ಲಿಗೇ ಮಾಡಿಟ್ಟ ಹಾಗಿದೆ. ದಂಡ ಹೊಡೆಯುವಾಗ ಭುಜ, ಎದೆ, ಬೆನ್ನು ಎಲ್ಲ ಒಟ್ಟಿಗೆ ಅಲೆಯ ಹಾಗೆ ಚಲಿಸುತ್ತವೆ, ಇಳಿಜಾರಿನಲ್ಲೂ ಹಾಗೇ. ಎಂಟೆಂಟರಂತೆ ಮೂರು ಸುತ್ತು ದಂಡ. ಹದಿನೈದರಂತೆ ಮೂರು ಸುತ್ತು ಬಸ್ಕಿ. ಜಗಲಿಗೆ ಒಂದೇ ಕಾಲಲ್ಲಿ ಹತ್ತಿ ಇಳಿಯುವುದು, ಒಂದೊಂದು ಕಾಲಿಗೆ ಹತ್ತು. ಎರಡೂ ಕೈಯಲ್ಲಿ ನೀರಿನ ಕ್ಯಾನ್ ಹಿಡಿದು ನಲವತ್ತು ಹೆಜ್ಜೆ ನಡಿಗೆ. ಕಬ್ಬಿಣದ ಪೈಪಿಗೆ ಅರ್ಧ ನಿಮಿಷ ಜೋತುಬೀಳುವುದು, ಮೂರು ಸಲ. ಉದ್ದ ಇಳಿಜಾರಿನಲ್ಲಿ ಮೊದಲು ಸೋಲುವುದು ಮುಂಗೈ. ಮುಂಗೈ ಸೋತರೆ ಬ್ರೇಕ್ ಹಿಡಿಯಲು ಬೆರಳು ಮಾತು ಕೇಳುವುದಿಲ್ಲ. ಇಷ್ಟಕ್ಕೆ 25 ನಿಮಿಷ ಸಾಕು, ವಾರಕ್ಕೆ ಎರಡು ದಿನ. ಮಂಡಿ ನೋವಿದ್ದವರು ಬಸ್ಕಿಯನ್ನು ಅರ್ಧಕ್ಕೇ ನಿಲ್ಲಿಸಿ.

ತಿನ್ನುವುದಕ್ಕೆ ವಿಶೇಷ ಏನೂ ಬೇಡ. ಒಂದು ಗಂಟೆಗಿಂತ ಜಾಸ್ತಿ ಹೊರಗಿದ್ದರೆ ಗಂಟೆಗೆ ಎರಡು ಬಾಳೆಹಣ್ಣು ಅಥವಾ ಕಡಲೆ ಚಿಕ್ಕಿ, ಅರ್ಧ ಲೀಟರ್ ನೀರು. ಬಾಟಲಿಗೆ ನಿಂಬೆ, ಬೆಲ್ಲ, ಚಿಟಿಕೆ ಉಪ್ಪು ಹಾಕಿಕೊಳ್ಳಿ. ಹಸಿವಾದ ಮೇಲೆ ತಿಂದರೆ ತಡವಾಯಿತು ಅಂತಲೇ ಅರ್ಥ.

ದಾರಿಗೆ ಇಳಿಯುವಾಗ

ಹೆಲ್ಮೆಟ್ ಇಲ್ಲದೆ ಕಣದಲ್ಲೂ ಓಡಿಸಬೇಡಿ. ಬೆರಳು ಮುಚ್ಚುವ ಗ್ಲೌಸ್ ಹಾಕಿ, ಬಿದ್ದಾಗ ಮೊದಲು ನೆಲಕ್ಕೆ ತಾಗುವುದು ಅಂಗೈ. ಲಂಟಾನ ಪೊದೆ ಕಣ್ಣಿಗೆ ಹೊಡೆಯುತ್ತದೆ, ಕನ್ನಡಕ ಇರಲಿ. ಒಂದು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಪಂಪ್ ಬೆನ್ನಲ್ಲಿರಲಿ. ನಮ್ಮ ಕಡೆ ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಅಂತ ಮನೆಯಲ್ಲಿ ಹೇಳಿ ಹೊರಡಿ.

ತೋಟದ ದಾರಿ ತೋಟದವರದ್ದು. ಮಾಲೀಕರನ್ನೋ ತೋಟದ ಲೆಕ್ಕ ಬರೆಯುವ ರೈಟರನ್ನೋ ಕೇಳದೆ ಹೋಗಬೇಡಿ. ದಾರಿಗೆ ಅಡ್ಡ ಹಾಕಿದ ಉಣುಗೋಲು ತೆಗೆದರೆ ಮತ್ತೆ ಹಾಕಿ. ಕುಯ್ಲಿನ ದಿನಗಳಲ್ಲಿ ಆಳುಗಳು ಬುಟ್ಟಿ, ಚೀಲ ಹೊತ್ತು ಅದೇ ದಾರಿಯಲ್ಲಿ ಬರುತ್ತಾರೆ, ಆಗ ಇಳಿದು ನಿಂತು ದಾರಿ ಬಿಡಿ. ಅರಣ್ಯ ಇಲಾಖೆಯ ಜಾಗಕ್ಕೆ ಅನುಮತಿ ಇಲ್ಲದೆ ಕಾಲಿಡಬಾರದು. ಆನೆ ಓಡಾಡುವ ಕಡೆ ಬೆಳಕು ಹರಿಯುವ ಮೊದಲು, ಸಂಜೆ ಐದೂವರೆಯ ಮೇಲೆ ನಾನು ಹೋಗುವುದೇ ಇಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಎಲ್ಲಿದೆ ಅಂತ ನೋಡಿಕೊಂಡೇ ಹೊರಡುವುದು. ತಿರುವಿನಲ್ಲಿ ಕಾಟಿ (ಕಾಡುಕೋಣ) ಸಿಕ್ಕಿದರೆ ನಿಂತುಬಿಡಿ, ಗಂಟೆ ಹೊಡೆಯಬೇಡಿ, ಅದು ಸರಿದು ಹೋಗುವ ತನಕ ಕಾಯಿರಿ.

ಮಳೆಗಾಲದಲ್ಲಿ ಇಂಬಳ (ಜಿಗಣೆ) ಹತ್ತುತ್ತದೆ, ಸಾಕ್ಸಿಗೆ ಉಪ್ಪು ನೀರು ಹಾಕಿಕೊಂಡರೆ ಸ್ವಲ್ಪ ಕಡಿಮೆ. ಅದಕ್ಕಿಂತ ಮುಖ್ಯ ಬ್ರೇಕ್ ಪ್ಯಾಡ್. ಕೆಸರು ಮರಳಿನಂತೆ ಉಜ್ಜಿ ಪ್ಯಾಡನ್ನು ಬೇಗ ಸವೆಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ. ಮನೆಗೆ ಬಂದ ಕೂಡಲೇ ಸೈಕಲ್ಲಿಗೆ ನೀರು ಹಾಕಿ, ಚೈನ್ ಒರೆಸಿ, ಒಣಗಿದ ಮೇಲೆ ಎಣ್ಣೆ ಬಿಡಿ. ಎಣ್ಣೆ ಡಿಸ್ಕಿಗೆ ತಾಗದಿರಲಿ.

ಹನ್ನೆರಡು ವಾರ ಆದ ಮೇಲೆ ನಾವು ಮುಳ್ಳಯ್ಯನಗಿರಿ ಹತ್ತುತ್ತೇವೆ. ಅದು ಟಾರ್ ರಸ್ತೆಯೇ, ಆದರೆ ದಮ್ಮು ನೋಡಲು ಅದಕ್ಕಿಂತ ಒಳ್ಳೆಯದು ಹತ್ತಿರದಲ್ಲಿಲ್ಲ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಬೆಟ್ಟದ ತುದಿ ಸುಮಾರು 1,930 ಮೀಟರ್, ಕರ್ನಾಟಕದಲ್ಲಿ ಅದೇ ಅತಿ ಎತ್ತರದ ಜಾಗ. ವಾರದ ನಡುವೆ ಹೋಗಿ, ಶನಿವಾರ ಭಾನುವಾರ ಗಾಡಿಗಳ ಸಾಲು ಇರುತ್ತದೆ. ಕೈಮರ ಅನ್ನುವ ಜಾಗ ದಾಟುವ ತನಕ ಭಜನೆ ಹೇಳುವ ವೇಗದಲ್ಲೇ ಹೋಗಿ, ಅಲ್ಲಿ ತನಕ ಉಳಿಸಿದ್ದು ಸೀತಾಳಯ್ಯನಗಿರಿಯ ಮೇಲಿನ ಕಡಿದಾದ ರಸ್ತೆಗೆ ಬೇಕು. ನಾನು ಮೊದಲ ಸಲ ನಾಲ್ಕು ಕಡೆ ಇಳಿದು ತಳ್ಳಿದೆ. ಮೇಲೆ ಹುಲ್ಲುಗಾವಲಿಗೆ ಸೈಕಲ್ ಇಳಿಸಬೇಡಿ. ಆ ಹುಲ್ಲು ಹಿಡಿದಿಟ್ಟ ನೀರೇ ಕೆಳಗಿನ ಹಳ್ಳಗಳಿಗೆ ಹರಿಯುವುದು, ಚಕ್ರದ ಗೀರು ಒಂದು ಮಳೆಗಾಲದಲ್ಲಿ ಕೊರಕಲಾಗುತ್ತದೆ.

ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಬರಬೇಡಿ, ಡಿಸ್ಕ್ ಕಾಯ್ದು ಹಿಡಿತ ಕಡಿಮೆಯಾಗುತ್ತದೆ. ಗಟ್ಟಿಯಾಗಿ ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ. ಕಳೆದ ಸಲ ಅಕ್ಕನ ಮಗಳು ನನ್ನ ಮುಂದೆ ಇಳಿಯುತ್ತಿದ್ದಳು. ಪ್ರತಿ ತಿರುವಿಗೂ ಮೊದಲು ಅವಳ ತಲೆ ತಿರುಗುವುದು ಹಿಂದಿನಿಂದ ಕಾಣುತ್ತಿತ್ತು, ಆಮೇಲೆ ಭುಜ, ಆಮೇಲೆ ಸೈಕಲ್. ಕೈಮರದಲ್ಲಿ ನಿಂತು ಮಂಡಕ್ಕಿ ತಿನ್ನುವಾಗ ಅವಳು ಕೇಳಿದ್ದು ಒಂದೇ. ಕಣದಲ್ಲಿ ಚೀಲಗಳನ್ನು ನಾಲ್ಕಡಿಗೆ ಇಡೋಣವಾ ಚಿಕ್ಕಮ್ಮ ಅಂತ. ಈ ಭಾನುವಾರ ಇಡುತ್ತಿದ್ದೇವೆ.